ಮೂವತ್ತನೇ ನಂಬರಿನ ಅಂಗಿ ಯಾರದ್ದು? ಮದ್ದೂರು ತಾಲ್ಲೂಕಿನ ಒಂದು ಸಮವಸ್ತ್ರ ಪ್ರಕರಣ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹೊಲಿಗೆ ಯಂತ್ರಗಳನ್ನಿಟ್ಟುಕೊಂಡು ದುಡಿಯುವ ಸ್ತ್ರೀಶಕ್ತಿ ಸಂಘವೊಂದಿದೆ. ರವಿಕೆ, ಲಂಗ, ಚೂಡಿದಾರ್ ಹೊಲಿದು ಸುತ್ತಲ ಊರುಗಳಲ್ಲಿ ಹೆಸರು ಮಾಡಿದ ಹೆಂಗಸರು ಇವರು. ಹತ್ತಿರದ ಖಾಸಗಿ ಶಾಲೆಯೊಂದು ಇವರಿಗೆ ಒಮ್ಮೆಗೇ ದೊಡ್ಡ ಕೆಲಸ ಒಪ್ಪಿಸಿತು. ಒಂದರಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ಸಮವಸ್ತ್ರ. ಅದರ ಜೊತೆಗೆ ಅಡುಗೆಯವರಿಗೂ ಆಯಾಗಳಿಗೂ ಸೀರೆಯ ಮೇಲೆ ತೊಡುವ ಹತ್ತಿ ಕೋಟು. ಆರು ವರ್ಷದ ಮಗುವಿನಿಂದ ಹಿಡಿದು ಅರವತ್ತರ ಹತ್ತಿರವಿರುವ ಹೆಂಗಸಿನವರೆಗೆ ಎಲ್ಲರಿಗೂ ಒಂದೇ ಕತ್ತರಿಯಿಂದ ಬಟ್ಟೆ ಆಗಬೇಕಿತ್ತು.

ಶಾಲೆ ಕೊಟ್ಟದ್ದು ಒಂದು ಪಟ್ಟಿ ಮಾತ್ರ. ಅದರಲ್ಲಿ ತರಗತಿ, ಹೆಸರು, ವಯಸ್ಸು ಇದ್ದವು. ಮಕ್ಕಳನ್ನು ಅಳೆಯಲು ಸಮಯವಿಲ್ಲ, ವಯಸ್ಸು ನೋಡಿ ನಂಬರು ಹಾಕಿ ಎಂಬ ಸೂಚನೆ ಬಂತು. ಸಂಘದ ಗೋಡೆಯ ಮೇಲೆ ಪ್ಯಾಟರ್ನ್ ಕಾಗದದ ಜೊತೆ ಬಂದ ಅಚ್ಚಿನ ಪಟ್ಟಿಯೊಂದಿತ್ತು. ಇಷ್ಟು ವಯಸ್ಸಿಗೆ ಇಪ್ಪತ್ತೆಂಟು, ಇಷ್ಟಕ್ಕೆ ಮೂವತ್ತು, ಇಷ್ಟಕ್ಕೆ ಮೂವತ್ತೆರಡು ಎಂದು ಅದು ಹೇಳುತ್ತಿತ್ತು. ಹುಡುಗ, ಹುಡುಗಿ ಎಂಬ ಎರಡು ಕಾಲಂ ಅದರಲ್ಲಿ ಇರಲಿಲ್ಲ. ಕೋಟುಗಳಿಗೆ ಗಂಡಸರ ಏಪ್ರನ್ ಕೋಟಿನ ರಟ್ಟಿನ ಮಾದರಿಯನ್ನೇ ಚಿಕ್ಕದು ಮಾಡಿ ಕತ್ತರಿಸಿದರು.

ಜೂನ್‌ನಲ್ಲಿ ಬಟ್ಟೆ ಹಂಚಿದ ವಾರದಲ್ಲೇ ಮೂಟೆಗಳು ಮರಳಿ ಬಂದವು. ಶಾಲೆಯ ಆಡಳಿತದವರು ಹೊಲಿಗೆ ಸರಿಯಿಲ್ಲ ಎಂದರು, ಹೊಲಿದವರು ಬಟ್ಟೆ ಉಳಿಸಿಕೊಂಡಿದ್ದಾರೆ ಎಂದು ಪೋಷಕರು ದೂರಿದರು. ಸಂಘದವರೋ ಈಗಿನ ಮಕ್ಕಳು ಬೇಗ ಬೆಳೆಯುತ್ತಾರೆ ಎಂದು ಸಮಾಧಾನ ಮಾಡಿಕೊಂಡರು. ಹಣ ನಿಂತಿತು. ಮೈಸೂರಿನಲ್ಲಿ ಉಡುಪು ವಿನ್ಯಾಸ ಕಲಿಸುವ ನನ್ನನ್ನು ಸಂಘದವರು ಕರೆಸಿಕೊಂಡದ್ದು ಆಗ.

ರಾಶಿಯನ್ನು ಬಿಡಿಸಿದಾಗ

ಮೊದಲು ಮಾಡಿದ ಕೆಲಸವೆಂದರೆ ಮರಳಿ ಬಂದ ಬಟ್ಟೆಗಳನ್ನು ಸಮುದಾಯ ಭವನದ ನೆಲದ ಮೇಲೆ ತರಗತಿವಾರು ಹರಡಿದ್ದು. ಹುಡುಗರದು ಒಂದು ಸಾಲು, ಹುಡುಗಿಯರದು ಇನ್ನೊಂದು. ಹೊಲಿಗೆ ಕೆಟ್ಟಿದ್ದರೆ ದೋಷ ಎಲ್ಲ ಸಾಲಿನಲ್ಲೂ ಚದುರಿರಬೇಕಿತ್ತು. ಹಾಗಿರಲಿಲ್ಲ. ಒಂದರಿಂದ ನಾಲ್ಕನೇ ತರಗತಿಯ ಸಾಲುಗಳು ಹೆಚ್ಚುಕಡಿಮೆ ಖಾಲಿ. ಐದರ ನಂತರ ಹುಡುಗಿಯರ ಸಾಲು ತುಂಬುತ್ತಾ ಹೋಗಿ ಏಳನೇ ತರಗತಿಯಲ್ಲಿ ರಾಶಿಯೇ ಆಗಿತ್ತು. ಹುಡುಗರ ಸಾಲು ತುಂಬಿದ್ದು ಎಂಟು, ಒಂಬತ್ತು, ಹತ್ತರಲ್ಲಿ.

ಕಟಿಂಗ್ ಮಾಡುವ ಅಕ್ಕ ಏಳನೇ ತರಗತಿಯ ಒಂದು ಟಾಪನ್ನು ಒಳಮುಖ ಮಾಡಿ ಬೆಳಕಿಗೆ ಹಿಡಿದರು. ಪಕ್ಕದ ಸೀಳು ಶುರುವಾಗುವ ಜಾಗದಲ್ಲಿ, ಸೀಟಿನ (ಕೂರುವ ಭಾಗಕ್ಕೆ ದರ್ಜಿಗಳು ಹೇಳುವ ಹೆಸರು) ಎರಡೂ ಬದಿಗೆ, ಹೊಲಿಗೆಯ ದಾರ ಎಳೆದು ಸೂಜಿಯ ತೂತುಗಳು ಅಗಲವಾಗಿದ್ದವು. ಮುಂದಿನದನ್ನು ನೋಡಿದರು, ಅಲ್ಲೂ ಅದೇ ಜಾಗ. ಹತ್ತಾರು ಟಾಪುಗಳು ಒಂದೇ ಜಾಗದಲ್ಲಿ ಸೋತಿದ್ದವು. "ಮೇಡಂ, ಇದು ಹೊಲಿಗೆ ಬಿಟ್ಟದ್ದಲ್ಲ, ಬಟ್ಟೆ ಸಾಲದೆ ಬಂದದ್ದು" ಎಂದರು. ಆ ಒಂದು ಮಾತಿನಿಂದ ಪ್ರಕರಣದ ದಿಕ್ಕು ಬದಲಾಯಿತು.

ಕೋಟುಗಳದ್ದು ಬೇರೆಯೇ ಕಥೆ. ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿತ್ತು. ಕೆಳಗಿನ ಎರಡು ಗುಂಡಿ ಹಾಕಲು ಆಗುತ್ತಿರಲಿಲ್ಲ. ಅದೇ ಕೋಟು ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು. ನಂಬರು ಹೆಚ್ಚಿಸಿದರೂ ಕಡಿಮೆ ಮಾಡಿದರೂ ಪರಿಹಾರವಾಗದ ದೋಷ ಇದು.

ದೇಹ ಎಲ್ಲ ಕಡೆ ಒಟ್ಟಿಗೆ ಬೆಳೆಯುವುದಿಲ್ಲ

ವಯಸ್ಸಿಗೊಂದು ನಂಬರು ಕೊಡುವ ಪಟ್ಟಿಯ ಹಿಂದೆ ಒಂದು ನಂಬಿಕೆ ಅಡಗಿರುತ್ತದೆ: ದೊಡ್ಡ ದೇಹವೆಂದರೆ ಚಿಕ್ಕ ದೇಹವನ್ನೇ ಹಿಗ್ಗಿಸಿದ್ದು ಎಂಬುದು. ಶಿಲ್ಪಿಗಳು ಈ ನಂಬಿಕೆಯನ್ನು ಎಂದೂ ಒಪ್ಪಲಿಲ್ಲ. ಮುಖದ ಉದ್ದವನ್ನೇ ಮಾನವಾಗಿಟ್ಟುಕೊಳ್ಳುವ ತಾಳಮಾನದಲ್ಲಿ ದೇವತೆಗಳಿಗೆ ನವತಾಳ, ದಶತಾಳ, ಗಣಪತಿಗೆ ಪಂಚತಾಳ, ಮಗುವಿನ ಆಕೃತಿಗೆ ಇನ್ನೂ ಕಡಿಮೆ. ದೇಹಶಾಸ್ತ್ರವೂ ಅದನ್ನೇ ಹೇಳುತ್ತದೆ. ಹುಟ್ಟಿದ ಮಗುವಿನ ಉದ್ದದಲ್ಲಿ ತಲೆಯ ಪಾಲು ಸುಮಾರು ನಾಲ್ಕರಲ್ಲಿ ಒಂದು. ಬೆಳೆದವರಲ್ಲಿ ಎಂಟರಲ್ಲಿ ಒಂದರಷ್ಟು. ಹುಟ್ಟಿದಾಗ ಮೇಲಿನ ಭಾಗವು ಕಾಲುಗಳಿಗಿಂತ 1.7 ಪಟ್ಟು ಉದ್ದವಿರುತ್ತದೆ; ಮೂರು ವರ್ಷಕ್ಕೆ ಅದು 1.3ಕ್ಕೆ ಇಳಿದು, ಏಳರಿಂದ ಹತ್ತು ವರ್ಷದೊಳಗೆ ಎರಡೂ ಸಮವಾಗುತ್ತವೆ.

ಹತ್ತು ವರ್ಷದವರೆಗೆ ಹುಡುಗ ಹುಡುಗಿಯರ ಅಳತೆಯಲ್ಲಿ ಬಟ್ಟೆಗೆ ತೊಂದರೆ ಕೊಡುವಷ್ಟು ವ್ಯತ್ಯಾಸ ಇರುವುದಿಲ್ಲ. ಮುಂದಿನ ಐದು ವರ್ಷಗಳೇ ಬೇರೆ. ಹುಡುಗಿಯರ ಬೆಳವಣಿಗೆಯ ನೆಗೆತ ಸುಮಾರು ಹತ್ತಕ್ಕೆ ಶುರುವಾಗಿ ಹನ್ನೆರಡರ ಹೊತ್ತಿಗೆ ತುದಿ ಮುಟ್ಟುತ್ತದೆ. ಹುಡುಗರದು ಎರಡು ವರ್ಷ ತಡ. ಹನ್ನೆರಡಕ್ಕೆ ಶುರು, ಹದಿನಾಲ್ಕರ ಸುಮಾರಿಗೆ ತುದಿ. ಆ ತುದಿಯ ವರ್ಷದಲ್ಲಿ ಹುಡುಗ ಒಂಬತ್ತು ಹತ್ತು ಸೆಂಟಿಮೀಟರ್ ಬೆಳೆಯಬಲ್ಲ. ಜೂನ್‌ನಲ್ಲಿ ಸರಿಯಿದ್ದ ಅವನ ಪ್ಯಾಂಟು ಸಂಕ್ರಾಂತಿಯ ಹೊತ್ತಿಗೆ ಕಣಕಾಲಿನ ಮೇಲಿರುತ್ತದೆ. ಬೆಳೆಯುವುದಕ್ಕೂ ಒಂದು ಸರದಿ ಇದೆ: ಪಾದ ಮೊದಲು, ಆಮೇಲೆ ಕಾಲು, ಕೊನೆಗೆ ಮುಂಡ. ಎಂಟನೇ ತರಗತಿಯ ಹುಡುಗರು ಕೈಕಾಲು ಮಾತ್ರ ಉದ್ದವಾದಂತೆ ಕಾಣುವುದಕ್ಕೆ ಇದೇ ಕಾರಣ. ಹುಡುಗಿಯರಲ್ಲಿ ಇದೇ ಕಾಲಕ್ಕೆ ಸೊಂಟದ ಮೂಳೆ ಅಗಲವಾಗುತ್ತದೆ, ತೊಡೆ ಮತ್ತು ಸೀಟಿನಲ್ಲಿ ಮೈ ತುಂಬಿಕೊಳ್ಳುತ್ತದೆ. ಹುಡುಗರಲ್ಲಿ ಹರಡುವುದು ಭುಜ.

ಆದ್ದರಿಂದ ಅಚ್ಚಿನ ಪಟ್ಟಿ ಎಲ್ಲ ವಯಸ್ಸಿನಲ್ಲೂ ತಪ್ಪಲಿಲ್ಲ. ಹುಡುಗ ಹುಡುಗಿಯರ ದೇಹ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ದಿಕ್ಕಿಗೆ ಹೊರಳುವ ಆ ಐದಾರು ವರ್ಷಗಳಲ್ಲಿ ಮಾತ್ರ ಅದು ಕೈಕೊಟ್ಟಿತು. ನೆಲದ ಮೇಲಿನ ರಾಶಿ ತೋರಿಸಿದ್ದೂ ಅದನ್ನೇ.

ಅಳತೆ ತೆಗೆದ ಬಗೆ

ಆಡಳಿತದವರನ್ನು ಒಪ್ಪಿಸಿ ಅಳತೆಗೆ ಸಮಯ ಪಡೆದೆವು. ಪೋಷಕರಿಗೆ ಪತ್ರ ಹೋಯಿತು. ಹುಡುಗಿಯರಿಗೆ ಬಾಗಿಲು ಮುಚ್ಚಿದ ಕೋಣೆ, ಅಳೆಯುವವರು ಸಂಘದ ಹೆಂಗಸರೇ. ಅಂಕಿಯನ್ನು ಗಟ್ಟಿಯಾಗಿ ಕೂಗಬಾರದು, ಬರೆಯುವವರ ಕಿವಿಗೆ ಮಾತ್ರ ಹೇಳಬೇಕು ಎಂಬ ನಿಯಮವನ್ನು ನಾನು ಹಟ ಹಿಡಿದು ಮಾಡಿಸಿದೆ. ಹದಿಮೂರು ವರ್ಷದ ಹುಡುಗಿಗೆ ತನ್ನ ಎದೆಯ ಸುತ್ತಳತೆಯನ್ನು ಗೆಳತಿಯರ ಮುಂದೆ ಕೇಳಿಸಿಕೊಳ್ಳುವ ಹಿಂಸೆ ಬೇಡ. ಇದು ಅಳತೆಯ ನಿಖರತೆಗೂ ಸಂಬಂಧಿಸಿದ್ದು: ಸಂಕೋಚದಿಂದ ಭುಜ ಮುಂದಕ್ಕೆ ಬಾಗಿಸಿ ನಿಂತ ಹುಡುಗಿಯ ಬೆನ್ನಗಲ ಹೆಚ್ಚು ಬರುತ್ತದೆ, ಎದೆಯ ಅಳತೆ ಸುಳ್ಳಾಗುತ್ತದೆ. ಕಟಿಂಗ್ ಅಕ್ಕನಿಗೆ ಇದು ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. "ಉಸಿರು ಬಿಡು ಕಂದ, ಕೈ ಸಡಿಲ ಬಿಡು, ಊಟ ಆಯಿತಾ?" ಎಂದು ಮಾತಿಗೆ ಎಳೆದು, ಮಗು ಉತ್ತರ ಕೊಡುವಾಗ ಟೇಪು ಹಾಕುತ್ತಿದ್ದರು. ಎದೆಯ ಸುತ್ತಳತೆಯನ್ನು ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ತೆಗೆಯಬೇಕೆಂದು ಪಠ್ಯಪುಸ್ತಕಗಳು ಹೇಳುವುದೂ ಇದನ್ನೇ.

ಸಂಘದ ಬಟ್ಟೆಯ ಟೇಪುಗಳನ್ನು ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು ನೋಡಿದಾಗ ಹಳೆಯದೊಂದು ಹಿಗ್ಗಿರುವುದು ಕಾಣಿಸಿತು. ಅದನ್ನು ಬಿಸಾಡಿ ಎಲ್ಲರಿಗೂ ಹಿಗ್ಗದ ಫೈಬರ್ ಟೇಪು ತಂದೆವು. ಎತ್ತರಕ್ಕೆ ಮಗುವನ್ನು ಗೋಡೆಗೆ ನಿಲ್ಲಿಸಿದೆವು: ಹಿಮ್ಮಡಿ, ಸೀಟು, ಬೆನ್ನು ಗೋಡೆಗೆ ತಾಗಿರಬೇಕು, ಕಣ್ಣಿನ ಕೆಳ ಅಂಚು ಮತ್ತು ಕಿವಿಯೊಳಗೆ ಹೋಗುವ ತೂತು ಒಂದೇ ಮಟ್ಟದಲ್ಲಿರಬೇಕು. ಮಗು ಗದ್ದ ಎತ್ತಿದರೂ ಇಳಿಸಿದರೂ ಅಂಕಿ ಬದಲಾಗುತ್ತದೆ. ಬೆಳಿಗ್ಗೆಗಿಂತ ಸಂಜೆಗೆ ಮನುಷ್ಯನ ಎತ್ತರ ಒಂದು ಸೆಂಟಿಮೀಟರ್‌ನಷ್ಟು ಕಡಿಮೆಯಾಗುವುದರಿಂದ ಎಲ್ಲ ತರಗತಿಗಳನ್ನೂ ಬೆಳಗಿನ ಹೊತ್ತೇ ಅಳೆದೆವು.

ಚಿಕ್ಕ ಮಕ್ಕಳಿಗೆ ಸೊಂಟ ಎಲ್ಲಿದೆ ಎಂದು ಹುಡುಕುವುದೇ ಕಷ್ಟ. ಹೊಟ್ಟೆಯ ಸುತ್ತ ಸಣ್ಣ ಎಲಾಸ್ಟಿಕ್ ಕಟ್ಟಿ, ಆ ಕಡೆ ಈ ಕಡೆ ಬಾಗಲು ಹೇಳಿದರೆ ಅದು ತಾನೇ ಸರಿದು ಸೊಂಟದ ಜಾಗದಲ್ಲಿ ನಿಲ್ಲುತ್ತದೆ. ಪ್ರತಿ ಅಳತೆಯನ್ನೂ ಎರಡು ಸಲ ತೆಗೆದು, ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ ನೋಡುವುದೆಂದು ಗೊತ್ತು ಮಾಡಿಕೊಂಡೆವು. ವಯಸ್ಸನ್ನು ವರ್ಷದಲ್ಲಿ ಬರೆಯದೆ ತಿಂಗಳಿನಲ್ಲಿ ಬರೆದೆವು. ಹನ್ನೆರಡು ವರ್ಷ ಒಂದು ತಿಂಗಳಿನ ಹುಡುಗಿಗೂ ಹನ್ನೆರಡು ವರ್ಷ ಹನ್ನೊಂದು ತಿಂಗಳಿನವಳಿಗೂ ನಡುವೆ ಒಂದಿಡೀ ನಂಬರಿನ ಅಂತರ ಇರಬಹುದು.

ತೂಕ ತೆಗೆಯಲಿಲ್ಲ. ಆಡಳಿತ ಮಂಡಳಿಯ ಒಬ್ಬರು ತೂಕವನ್ನೂ ಸೇರಿಸಿ ಪ್ರತಿ ಮಗುವಿನ ಬಿಎಂಐ ಲೆಕ್ಕ ಹಾಕಿ ಪೋಷಕರಿಗೆ ಕಳುಹಿಸೋಣ ಎಂದರು. ನಾನು ಒಪ್ಪಲಿಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಆ ಸೂತ್ರವನ್ನು ಕೊಟ್ಟವನು ಹತ್ತೊಂಬತ್ತನೇ ಶತಮಾನದ ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ. ಅದಕ್ಕೆ ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ ಆನ್ಸೆಲ್ ಕೀಸ್ ಅವರಿಂದ. ಜನಸಮೂಹವನ್ನು ಅರಿಯಲು ಹುಟ್ಟಿದ ಲೆಕ್ಕ ಅದು. ದೊಡ್ಡವರ ಮಿತಿಗಳನ್ನು ಬೆಳೆಯುವ ಮಕ್ಕಳಿಗೆ ಹಚ್ಚುವಂತಿಲ್ಲ. ಮಕ್ಕಳಲ್ಲಿ ಅದನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕ ನಕ್ಷೆಯಲ್ಲೇ ಓದಬೇಕು. ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ 5ರಿಂದ 18 ವರ್ಷದವರಿಗೆ ಹುಡುಗ ಹುಡುಗಿಯರಿಗೆ ಬೇರೆ ಬೇರೆ ನಕ್ಷೆ ಕೊಟ್ಟಿರುವುದು ಇದಕ್ಕೇ. ಅಂಗಿ ಹೊಲಿಯಲು ಬಂದವರು ಮಗುವಿಗೆ ದಪ್ಪ, ಸಣ್ಣ ಎಂಬ ಹಣೆಪಟ್ಟಿ ಹಚ್ಚಿ ಹೋಗುವುದು ಸಲ್ಲ.

ಒಂದೇ ನಂಬರು, ಎರಡು ದೇಹ

ಏಳನೇ ತರಗತಿಯ ಇಬ್ಬರ ಅಳತೆಯನ್ನು ಇಲ್ಲಿ ಕೊಡುತ್ತೇನೆ. ಇಬ್ಬರಿಗೂ ಹನ್ನೆರಡು ದಾಟಿದೆ, ಇಬ್ಬರ ಎದೆಯೂ 28 ಅಂಗುಲ, ಭುಜ 13 ಅಂಗುಲ. ಅಚ್ಚಿನ ಪಟ್ಟಿಯಂತೆ ಇಬ್ಬರಿಗೂ ಮೂವತ್ತನೇ ನಂಬರು. ಹುಡುಗಿಯ ಎತ್ತರ 150 ಸೆಂಟಿಮೀಟರ್, ಸೀಟು 31 ಅಂಗುಲ. ಹುಡುಗನ ಎತ್ತರ 142, ಸೀಟು 28½. ಹುಡುಗನಿಗೆ ಅಂಗಿ ಕೂತಿತು; ತೋಳು ಮಾತ್ರ ಮಣಿಕಟ್ಟಿನ ಕೆಳಗೆ ಇಳಿಯಿತು. ಹುಡುಗಿಗೆ ಅದೇ ನಂಬರಿನ ಟಾಪು ಸೀಟಿನಲ್ಲಿ ಸಿಕ್ಕಿಕೊಂಡು ಮೇಲೇರಿತು, ಕೂತಾಗ ಹೊಲಿಗೆ ಎಳೆಯಿತು. ಅವಳಿಗೆ ಮೂವತ್ತನಾಲ್ಕು ಕೊಟ್ಟರೆ ಸೀಟು ಸರಿಹೋಗುತ್ತದೆ, ಭುಜ ಜೋಲುತ್ತದೆ. ತನಗೆ ಸರಿಯಾದ ನಂಬರೇ ಇಲ್ಲವೆಂದಾಗ ಹುಡುಗಿಗೆ ಅನಿಸುವುದು ತನ್ನ ಮೈಯೇ ಸರಿಯಿಲ್ಲ ಎಂದು. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಅಳತೆಗಳನ್ನೆಲ್ಲ ಗ್ರಾಫ್ ಹಾಳೆಯಲ್ಲಿ ಇಳಿಸಿದೆವು. ಅಡ್ಡಕ್ಕೆ ಎತ್ತರ, ಉದ್ದಕ್ಕೆ ಸೀಟು. ಹುಡುಗಿಯರಿಗೆ ಕೆಂಪು ಚುಕ್ಕೆ, ಹುಡುಗರಿಗೆ ನೀಲಿ. ನಾಲ್ಕನೇ ತರಗತಿಯವರೆಗೆ ಎರಡು ಬಣ್ಣವೂ ಬೆರೆತು ಒಂದೇ ಮೋಡವಾಗಿತ್ತು. ಆರರಿಂದ ಕೆಂಪು ಮೇಲಕ್ಕೆ ಸರಿಯತೊಡಗಿತು. ಒಂಬತ್ತರಲ್ಲಿ ನೀಲಿ ಬಲಕ್ಕೆ ಓಡಿತು. ಸಂಘದ ಹೆಂಗಸರಲ್ಲಿ ಗ್ರಾಫ್ ಎಂದರೆ ಏನೆಂದು ತಿಳಿಯದವರೂ ಇದ್ದರು. ಚುಕ್ಕೆ ಇಟ್ಟವರೇ ಅವರಾದ್ದರಿಂದ ಯಾರೂ ವಿವರಿಸಬೇಕಾಗಲಿಲ್ಲ.

ಹಾಳೆಯಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಉದ್ದದ ಅಳತೆಗಳು ಒಂದಕ್ಕೊಂದು ಅಂಟಿಕೊಂಡು ನಡೆಯುತ್ತವೆ: ಎತ್ತರದ ಮಗುವಿಗೆ ಕಾಲೂ ಉದ್ದ, ತೋಳೂ ಉದ್ದ. ಸುತ್ತಳತೆಗಳೂ ತಮ್ಮತಮ್ಮೊಳಗೆ ಹಾಗೆಯೇ. ಎತ್ತರಕ್ಕೂ ಸುತ್ತಳತೆಗೂ ಮಾತ್ರ ನಂಟು ಸಡಿಲ. ಅಮೆರಿಕದಲ್ಲಿ 1939–40ರಲ್ಲಿ ಸುಮಾರು 15,000 ಹೆಂಗಸರನ್ನು ಅಳೆದ ದೊಡ್ಡ ಸಮೀಕ್ಷೆಗೂ ಇದೇ ಕಂಡಿತ್ತು. ಒಂದೇ ಅಂಕಿಯಿಂದ ದೇಹವನ್ನು ಹಿಡಿಯಲು ಆಗುವುದಿಲ್ಲ, ಒಂದು ಉದ್ದ ಮತ್ತು ಒಂದು ಸುತ್ತಳತೆ ಎರಡೂ ಬೇಕು.

ಸರಾಸರಿ ತೆಗೆದು ಹೊಲಿದರೆ ಹೆಚ್ಚಿನವರಿಗೆ ಆಗುತ್ತದಲ್ಲವೇ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಅಮೆರಿಕದ ವಾಯುಪಡೆಯಲ್ಲಿ 1950ರಲ್ಲಿ 4,063 ಪೈಲಟ್‌ಗಳ ಅಳತೆ ತೆಗೆದಿದ್ದರು. ಅಲ್ಲಿನ ಸಂಶೋಧಕ ಗಿಲ್ಬರ್ಟ್ ಡೇನಿಯಲ್ಸ್ ಅದರಲ್ಲಿ ಹತ್ತು ಅಳತೆಗಳನ್ನು ಆರಿಸಿ, ಹತ್ತರಲ್ಲೂ ಸರಾಸರಿಯ ಹತ್ತಿರ ಇರುವವರು ಎಷ್ಟು ಮಂದಿ ಎಂದು ಹುಡುಕಿದರು. ಒಬ್ಬರೂ ಸಿಗಲಿಲ್ಲ. ಅವರೆಲ್ಲ ಗಂಡಸರು, ಹತ್ತಿರದ ವಯಸ್ಸಿನವರು, ಆರಿಸಿ ಸೇರಿಸಿಕೊಂಡವರು. ಹುಡುಗ ಹುಡುಗಿಯರನ್ನು ಕೂಡಿಸಿ ತೆಗೆದ ಏಳನೇ ತರಗತಿಯ ಸರಾಸರಿ ಇಬ್ಬರ ನಡುವಿನ ಹೆಚ್ಚುಕಡಿಮೆ ಖಾಲಿ ಜಾಗದಲ್ಲಿ ಬೀಳುತ್ತದೆ ಎಂಬುದನ್ನು ಮುಖ್ಯೋಪಾಧ್ಯಾಯರಿಗೆ ಗ್ರಾಫಿನಲ್ಲೇ ತೋರಿಸಿದೆ.

ನಮ್ಮವರ ಅಳತೆಗೆ ಹೊರಗಿನ ಪಟ್ಟಿ ಏಕೆ ಒಗ್ಗುವುದಿಲ್ಲ ಎಂಬುದಕ್ಕೆ ಮೈಸೂರಿನಲ್ಲೇ ಸಾಕ್ಷಿ ಇದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಅಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ ಹುಟ್ಟಿನಿಂದ ಮಕ್ಕಳನ್ನು ಹಿಂಬಾಲಿಸಿ ಅಳೆಯಿತು. ಬ್ರಿಟನ್ನಿನ ಮಕ್ಕಳಿಗೆ ಹೋಲಿಸಿದರೆ ನಮ್ಮ ಮಕ್ಕಳ ತೂಕ ಕಡಿಮೆ, ತೋಳು ಸಣ್ಣ. ಆದರೆ ಬೆನ್ನಿನ ರೆಕ್ಕೆಮೂಳೆಯ ಕೆಳಗಿನ ಕೊಬ್ಬಿನ ಪದರ ಆ ಪ್ರಮಾಣದಲ್ಲಿ ಕಡಿಮೆ ಇರಲಿಲ್ಲ. ಸಣ್ಣ ತೋಳು, ತುಂಬಿದ ಮುಂಡ: ಹೊರದೇಶದ ಪ್ಯಾಟರ್ನಿನಲ್ಲಿ ಕತ್ತರಿಸಿದ ಅಂಗಿ ತೋಳಿನಲ್ಲಿ ಸಡಿಲ, ಹೊಟ್ಟೆಯಲ್ಲಿ ಬಿಗಿಯಾಗುವುದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ತಿಳಿವು. ದೇಶದ್ದೇ ಆದ ಅಳತೆಪಟ್ಟಿಗಾಗಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಕೈಗೊಂಡ ಇಂಡಿಯಾಸೈಜ್ ಯೋಜನೆ ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25,000 ಜನರನ್ನು ಅಳೆಯುವ ಗುರಿ ಇಟ್ಟುಕೊಂಡಿತು. ಅದರ ವಯೋಮಿತಿ 15ರಿಂದ 65. ಅಂಗಿ ಹೆಚ್ಚು ಕೈಕೊಡುವ ಹತ್ತರಿಂದ ಹದಿನಾಲ್ಕರ ಮಕ್ಕಳು ಅದರ ಹೊರಗೇ ಉಳಿಯುತ್ತಾರೆ.

ಅಡುಗೆಮನೆಯ ಕೋಟುಗಳು

ಅಡುಗೆಯವರ ಮತ್ತು ಆಯಾಗಳ ಆಧಾರ್ ಕಾರ್ಡಿನಲ್ಲಿ ಹಲವರದ್ದು ಜನವರಿ 1ರ ಹುಟ್ಟು. ವಯಸ್ಸನ್ನು ನಂಬುವ ಹಾಗಿಲ್ಲ. ನಂಬಿದರೂ ಪ್ರಯೋಜನವಿಲ್ಲ, ಏಕೆಂದರೆ ಈ ವಯಸ್ಸಿನಲ್ಲಿ ಆಕಾರ ಬದಲಾಗುವುದು ವರ್ಷದ ಲೆಕ್ಕದಲ್ಲಲ್ಲ. ಮುಟ್ಟು ನಿಲ್ಲುವವರೆಗೆ ಹೆಂಗಸರಲ್ಲಿ ಕೊಬ್ಬು ಹೆಚ್ಚಾಗಿ ಸೀಟು ಮತ್ತು ತೊಡೆಯಲ್ಲಿ ಕೂರುತ್ತದೆ. ನಿಂತ ಮೇಲೆ ಹೊಟ್ಟೆಯ ಕಡೆ ಸರಿಯುತ್ತದೆ. ಗಂಡಸರ ಮಾದರಿಯ ಕೋಟಿಗೆ ಭುಜ ಅಗಲ, ಕೆಳಗೆ ನೇರ. ಅದನ್ನು ಎಷ್ಟು ಚಿಕ್ಕದು ಮಾಡಿದರೂ ಹೆಂಗಸಿನ ಕೋಟಾಗುವುದಿಲ್ಲ. ಅದರ ಮೇಲೆ ಸೀರೆಯ ನೆರಿಗೆ, ಸೆರಗಿನ ದಪ್ಪ ಬೇರೆ. ಮೈಯ ಅಳತೆಗೆ ಅವೆರಡನ್ನೂ ಸೇರಿಸಬೇಕು.

ಎಲ್ಲರಿಗಿಂತ ಹಿರಿಯ ಆಯಾ ಒಬ್ಬರ ಕೋಟು ಮುಂದೆ ಜೋತು, ಹಿಂದೆ ಎತ್ತಿಕೊಂಡು, ಕುತ್ತಿಗೆಯ ಹಿಂದೆ ಬಾಯಿ ಬಿಡುತ್ತಿತ್ತು. "ನನಗೆ ಯಾವುದಾದರೂ ಆಗುತ್ತದೆ ಬಿಡಿ ಅಮ್ಮ, ಮಕ್ಕಳದು ನೋಡಿ" ಎಂದರು. ನಾವು ಬಿಡಲಿಲ್ಲ. ಬೆನ್ನು ಬಾಗಿದಾಗ ಬೆನ್ನಿನ ಮೇಲಿನ ಉದ್ದ ಹೆಚ್ಚುತ್ತದೆ, ಎದೆಯ ಕಡೆಯ ಉದ್ದ ಕುಗ್ಗುತ್ತದೆ. ಮುಂದಿನ ಭಾಗ ಎರಡು ಅಂಗುಲ ಕಡಿಮೆ, ಹಿಂದಿನದು ಒಂದೂವರೆ ಅಂಗುಲ ಹೆಚ್ಚು ಇಟ್ಟು ಕತ್ತರಿಸಿದ ಮೇಲೆ ಅಂಚು ಸುತ್ತಲೂ ಸಮವಾಯಿತು. ಅವರ ಎತ್ತರ 146 ಸೆಂಟಿಮೀಟರ್; ಎರಡೂ ಕೈ ಚಾಚಿದ ಮಾರು 152. ನಲವತ್ತರ ನಂತರ ದಶಕಕ್ಕೆ ಒಂದು ಸೆಂಟಿಮೀಟರ್‌ನಂತೆ ಎತ್ತರ ಇಳಿಯುತ್ತದೆ, ಬೆನ್ನುಮೂಳೆ ಸವೆದ ಹೆಂಗಸರಲ್ಲಿ ಇನ್ನೂ ಹೆಚ್ಚು. ಮಾರು ಇಳಿಯುವುದಿಲ್ಲ. ಹಾಗಾಗಿ ವಯಸ್ಸಾದವರ ಯೌವನದ ಎತ್ತರವನ್ನು ಮಾರಿನಿಂದ ಅಂದಾಜು ಮಾಡುತ್ತಾರೆ. ಕೋಟಿಗೂ ಅದು ಬೇಕು: ತೋಳಿನ ಉದ್ದವನ್ನು ಈಗಿನ ಎತ್ತರ ನೋಡಿ ಇಟ್ಟರೆ ಅವರಿಗೆ ತೋಳು ಗಿಡ್ಡವಾಗುತ್ತದೆ. ಬೆನ್ನು ಅಷ್ಟು ಬಾಗಿದ್ದರಿಂದ ವೈದ್ಯರಿಗೂ ತೋರಿಸುವಂತೆ ಅವರ ಮಗಳಿಗೆ ಹೇಳಿದೆವು.

ಏನು ತೀರ್ಮಾನವಾಯಿತು

ನಾಲ್ಕನೇ ತರಗತಿಯವರೆಗೆ ಎಲ್ಲರಿಗೂ ಒಂದೇ ಮಾದರಿ, ಎತ್ತರ ನೋಡಿ. ಐದರಿಂದ ಎರಡು ಮಾದರಿ; ಒಂದು ನೇರವಾದದ್ದು, ಇನ್ನೊಂದು ಸೀಟು ಅಗಲವಿಟ್ಟದ್ದು. ಎರಡರಲ್ಲೂ ಪ್ರತಿ ನಂಬರಿಗೆ ಗಿಡ್ಡ, ಉದ್ದ ಎಂಬ ಎರಡು ರಟ್ಟು. ಪ್ಯಾಂಟಿನ ಕೆಳಗೆ ಎರಡು ಅಂಗುಲ ಮಡಿಕೆ, ಟಾಪಿನ ಪಕ್ಕದ ಹೊಲಿಗೆಯಲ್ಲಿ ಬಿಡಿಸಿಕೊಳ್ಳಲು ಒಂದು ಅಂಗುಲ. ಭುಜದಲ್ಲಿ ಏನೂ ಬಿಡಬಾರದು. ಬೆಳೆಯಲಿ ಎಂದು ಭುಜ ದೊಡ್ಡದು ಹೊಲಿದರೆ ಮಗು ವರ್ಷವಿಡೀ ಬೇರೆಯವರ ಅಂಗಿ ತೊಟ್ಟಂತೆ ಕಾಣುತ್ತದೆ. ಕೋಟುಗಳನ್ನು ಒಬ್ಬೊಬ್ಬರಿಗೂ ಅಳೆದು ಹೊಲಿಯುವುದು.

ಸಭೆಯಲ್ಲಿ ಒಬ್ಬರು ಆಕ್ಷೇಪಿಸಿದರು: ಗಂಡು ಹೆಣ್ಣು ಸಮಾನ ಎಂದು ಪಾಠ ಹೇಳುತ್ತೇವೆ, ಬಟ್ಟೆಯಲ್ಲಿ ಭೇದ ಏಕೆ? ಪ್ರಶ್ನೆ ತೂಕದ್ದೇ. ಹುಡುಗನ ದೇಹವನ್ನು ಮಾದರಿಯಾಗಿಟ್ಟುಕೊಂಡು ಹುಡುಗಿಯನ್ನು ಅದರೊಳಗೆ ತುರುಕುವುದು ಸಮಾನತೆಯಾಗಲಾರದು ಎಂದೆ. ಆದರೆ ಅವರ ಮಾತಿನಲ್ಲಿ ಒಪ್ಪಬೇಕಾದದ್ದೂ ಇತ್ತು. ಹಾಳೆಯ ಮೇಲೆ ಕೆಂಪು ನೀಲಿ ಚುಕ್ಕೆಗಳು ಪೂರ್ತಿ ಬೇರ್ಪಡಲಿಲ್ಲ. ನೇರ ಮೈಕಟ್ಟಿನ ಹುಡುಗಿಯರಿದ್ದರು, ಸೀಟು ಅಗಲವಿರುವ ಹುಡುಗರಿದ್ದರು. ಅದಕ್ಕಾಗಿ ರಟ್ಟುಗಳ ಮೇಲೆ ಹುಡುಗ, ಹುಡುಗಿ ಎಂದು ಬರೆಯದೆ ಎ, ಬಿ ಎಂದು ಬರೆದೆವು. ಯಾವ ಮಗುವಿಗೆ ಯಾವುದು ಎಂಬುದನ್ನು ಟೇಪು ಹೇಳುತ್ತದೆ. ಆಕ್ಷೇಪಿಸಿದವರೇ ಇದನ್ನು ಠರಾವಿನಲ್ಲಿ ಬರೆಸಿದರು.

ಮರಳಿ ಬಂದ ಬಟ್ಟೆಗಳಲ್ಲಿ ಹಲವನ್ನು ಕೆಳಗಿನ ತರಗತಿಯವರಿಗೆ ಆಲ್ಟರ್ ಮಾಡಿ ಕೊಟ್ಟರು, ಉಳಿದವನ್ನು ಹೊಸದಾಗಿ ಹೊಲಿದರು. ನಿಂತ ಹಣ ಬಂತು. ಅಳತೆ ತೆಗೆಯುವ ಕೂಲಿಯನ್ನು ಹೊಲಿಗೆಯ ಕೂಲಿಯಿಂದ ಬೇರೆಯಾಗಿ ಕೊಡಬೇಕೆಂದು ಸಂಘ ಷರತ್ತು ಹಾಕಿತು, ಶಾಲೆ ಒಪ್ಪಿತು. ಗೋಡೆಯ ಮೇಲಿನ ಅಚ್ಚಿನ ಪಟ್ಟಿ ಹೋಗಿ ಸಂಘದ್ದೇ ಅಳತೆ ಪುಸ್ತಕ ಬಂದಿದೆ. ಅದರಲ್ಲಿ ಪ್ರತಿ ಮಗುವಿಗೂ ಮುಂದಿನ ವರ್ಷಗಳಿಗೆ ಖಾಲಿ ಕಾಲಂಗಳಿವೆ. ಮಗುವನ್ನು ವರ್ಷವರ್ಷವೂ ಅಳೆದು ಬರೆದಿಡುವ ಪದ್ಧತಿ 1759ರಲ್ಲಿ ಫ್ರಾನ್ಸಿನ ಮಾಂಟ್‌ಬೇಯಾರ್ ತನ್ನ ಮಗನಿಗೆ ಶುರುಮಾಡಿ ಹದಿನೆಂಟು ವರ್ಷ ನಡೆಸಿದ್ದು. ಒಂದು ಸಲದ ಅಳತೆಯಿಂದ ತಿಳಿಯದ ಬೆಳವಣಿಗೆಯ ವೇಗ ಅದರಿಂದ ಮಾತ್ರ ಸಿಗುತ್ತದೆ.

ಮುಂದಿನ ವರ್ಷದ ಕೆಲಸಕ್ಕೆ ಸರದಿಯೂ ಗೊತ್ತಾಗಿದೆ. ಚಿಕ್ಕ ತರಗತಿಗಳನ್ನು ಬೇಸಿಗೆ ರಜೆಗೆ ಮುಂಚೆಯೇ ಅಳೆದು ಹೊಲಿದುಬಿಡಬಹುದು. ಆರು, ಏಳಕ್ಕೆ ಬರುವ ಹುಡುಗಿಯರನ್ನೂ ಒಂಬತ್ತು, ಹತ್ತಕ್ಕೆ ಬರುವ ಹುಡುಗರನ್ನೂ ಶಾಲೆ ತೆರೆದ ಮೇಲೆ, ಎಲ್ಲರಿಗಿಂತ ಕೊನೆಗೆ ಅಳೆಯಬೇಕು. ಆ ಎರಡು ತಿಂಗಳ ರಜೆಯಲ್ಲೇ ಅವರ ಅಳತೆ ಬದಲಾಗಿರುತ್ತದೆ.